ಸೆಟೆತ

ದಾವಣಗೆರೆ ಸೀಮೆಯ ಹದಡಿಯಲ್ಲಾಗಲಿ ಹರಿಹರದಲ್ಲಾಗಲಿ ‘ಸೆಟೆದು ನಿಂತ’ ಎಂದರೆ ಮಣಿಯದೆ ನಿಂತ ಎಂದೇ ಅರ್ಥ. ಚಳಿಗೆ ಮೈ ‘ಸೆಡೆಯುವುದು’, ಮುನಿಸಿನ ‘ಸೆಡವು’ ಇದೇ ಬಳಗದ ಮಾತುಗಳು. ಬಿಗಿತದ ಜೊತೆಗೆ ಹಠದ ನೆರಳೂ ಈ ಪದಕ್ಕೆ ಅಂಟಿದೆ. ಮೆದುಳಿಗೆ ಪೆಟ್ಟಾದ ಮಗು ಬಟ್ಟೆ ಹಾಕುವಾಗ ಕೈಕಾಲು ಸೆಟೆದರೆ ಅದನ್ನು ಹಠವೆಂದು ಗದರುವುದು ಅನ್ಯಾಯ. ಸ್ನಾಯುವನ್ನು ಹದದಲ್ಲಿಡಬೇಕಾದ ಮೆದುಳಿನ ಸಂಜ್ಞೆ ಅಲ್ಲಿ ತಪ್ಪಿರುತ್ತದೆ.

ಈ ಸೆಟೆತಕ್ಕೆ ವೈದ್ಯರು ಹೇಳುವ ‘ಸ್ಪಾಸ್ಟಿಸಿಟಿ’ಯ ಮೂಲ, ಎಳೆಯುವುದು ಎಂಬ ಗ್ರೀಕ್ ಧಾತು. 1980ರಲ್ಲಿ ಜೇಮ್ಸ್ ಲ್ಯಾನ್ಸ್ ಕೊಟ್ಟ ವ್ಯಾಖ್ಯೆಯಂತೆ, ಅಂಗವನ್ನು ವೇಗವಾಗಿ ಎಳೆದಷ್ಟೂ ಬಿಗಿತ ಹೆಚ್ಚು. ಆದ್ದರಿಂದ ಮಗುವಿನ ಕೈಯನ್ನು ನಿಧಾನವಾಗಿ ಬಿಡಿಸಬೇಕು. ಸೆಟೆತಕ್ಕೆ ತದ್ವಿರುದ್ಧವಾಗಿ ಮೈ ಜೋಲುವುದೂ ಉಂಟು. ಅದಕ್ಕೆ ‘ಸಡಿಲ’ವೇ ಸಾಕಾದ ಮಾತು.

ಇಂಥ ಮಗುವಿನ ಆಯುಷ್ಯದ ಪ್ರಶ್ನೆಯನ್ನು ಹೆತ್ತವರು ಮೆಲ್ಲಗೆ ಕೇಳುತ್ತಾರೆ. ನೇರ ಉತ್ತರ ಅವರ ಹಕ್ಕು. ಸೆಟೆತವೇ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ. ನುಂಗಲಾಗದೆ ಅನ್ನ, ನೀರು ಶ್ವಾಸಕೋಶಕ್ಕಿಳಿದು ಬರುವ ನ್ಯುಮೋನಿಯಾ, ಹತೋಟಿಗೆ ಬಾರದ ಫಿಟ್ಸ್, ಅಪೌಷ್ಟಿಕತೆ ಆಯುಷ್ಯವನ್ನು ಕಡಿಮೆ ಮಾಡುತ್ತವೆ. ನಡೆಯುವ, ತಾವೇ ಉಣ್ಣುವ ಬಹುಪಾಲು ಮಕ್ಕಳು ದೊಡ್ಡವರಾಗಿ ದೀರ್ಘಕಾಲ ಬದುಕುತ್ತಾರೆ. ಕೂರಿಸಿ ಉಣಿಸುವುದು, ಫಿಸಿಯೋಥೆರಪಿ, ಬೇಕಾದಲ್ಲಿ ಬಿಗಿತ ಇಳಿಸುವ ಬ್ಯಾಕ್ಲೋಫೆನ್ ಔಷಧ ಅಥವಾ ಬೊಟುಲಿನಂ ಚುಚ್ಚುಮದ್ದು ನೆರವಾಗುತ್ತವೆ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ, ಮಕ್ಕಳಲ್ಲಿ ಇಂಥ ಸೆಟೆತ ತರುವ ಸೆರೆಬ್ರಲ್ ಪಾಲ್ಸಿಯೂ ಸೇರಿದೆ.