ಮ್ಯಾಕ್ಸ್ ಬಾರ್ನ್ ಬೆಂಗಳೂರಿಗೆ ಬಂದದ್ದು

ಕಟ್ಟುನಿಟ್ಟಿನ ಮೇಲಧಿಕಾರಿಗೆ 'ಹಿಟ್ಲರ್' ಎಂದು ಅಡ್ಡಹೆಸರಿಡುವುದು ನಮ್ಮ ಕಚೇರಿಗಳಲ್ಲಿ ರೂಢಿ. ಮೊನ್ನೆ ನನ್ನ ಮಗನೂ, "ಏನೇ ಆಗಲಿ, ಹಿಟ್ಲರ್ ಶಿಸ್ತಿನ ಮನುಷ್ಯನಪ್ಪ" ಎಂದ. ಆಗ ಅವನಿಗೆ ಹೇಳಿದ ಬೆಂಗಳೂರಿನ ಸಂಗತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

1933ರ ಏಪ್ರಿಲ್ 7ರಂದು ಜರ್ಮನಿಯಲ್ಲಿ ಒಂದು ಕಾನೂನು ಹೊರಟಿತು. ಹೆಸರು ಬಲು ಸಾಧು: ವೃತ್ತಿಪರ ಸರ್ಕಾರಿ ಸೇವೆಯ ಪುನಃಸ್ಥಾಪನೆ. ನಮ್ಮಂಥ ಗುಮಾಸ್ತರ ಕಣ್ಣಿಗೆ ಅದು ಇನ್ನೊಂದು ಸೇವಾ ನಿಯಮ, ಅಷ್ಟೆ. ಒಳಗಿದ್ದದ್ದು ಮಾತ್ರ, 'ಆರ್ಯ'ರಲ್ಲದವರಿಗೆ ಸರ್ಕಾರಿ ನೌಕರಿ ಇಲ್ಲವೆಂಬುದು. ನಾಲ್ಕು ದಿನಗಳಲ್ಲಿ ಅದಕ್ಕೆ ವಿವರಣೆಯೂ ಬಂತು: ಅಜ್ಜ ಅಜ್ಜಿಯರಲ್ಲಿ ಒಬ್ಬರು ಯೆಹೂದಿಯಾಗಿದ್ದರೂ ಸಾಕು. ಕೆಲವರಿಗಿದ್ದ ವಿನಾಯಿತಿ 1935ರಲ್ಲಿ ಹೋಯಿತು.

ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಮ್ಯಾಕ್ಸ್ ಬಾರ್ನ್ ಅದೇ ಏಪ್ರಿಲ್‌ನಲ್ಲಿ ಅಮಾನತಾದರು. ಕ್ವಾಂಟಂ ಸಿದ್ಧಾಂತಕ್ಕೆ ತಳಹದಿ ಹಾಕಿದವರಲ್ಲಿ ಅವರೊಬ್ಬರು. ಅವರು 1914ರಲ್ಲೇ ಕ್ರೈಸ್ತರಾಗಿದ್ದರು. ದ್ವೇಷ ವಿಚಾರಿಸಿದ್ದು ಅವರ ನಂಬಿಕೆಯನ್ನಲ್ಲ, ಹುಟ್ಟನ್ನು.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಬಾರ್ನರನ್ನು ಆಹ್ವಾನಿಸಿದರು. ಬಾರ್ನ್ ದಂಪತಿಗಳು 1935-36ರಲ್ಲಿ ಸುಮಾರು ಆರು ತಿಂಗಳು ಅಲ್ಲಿದ್ದರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಯತ್ನಿಸಿದಾಗ, ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ತುಂಬಿದ ಸಭೆಯಲ್ಲಿ ಎದ್ದು ವಿರೋಧಿಸಿದರು. ಸ್ವಂತ ದೇಶವೇ ಹೊರದೂಡಿದ ಎರಡನೇ ದರ್ಜೆಯ ವಿದೇಶಿ ನಮಗೆ ಸಾಲದು ಎಂಬುದು ಅವರ ವಾದ. ಬಾರ್ನ್ ಮನೆಗೆ ಬಂದು ಮಡದಿಯೆದುರು ಅತ್ತುಬಿಟ್ಟೆನೆಂದು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಹುದ್ದೆ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರೋದಲ್ಲಿ ಆಶ್ರಯ ದೊರೆಯಿತು. 1954ರಲ್ಲಿ ನೊಬೆಲ್ ಬಹುಮಾನವೂ ಬಂತು.

ಬೆಂಗಳೂರಿನಲ್ಲಿ ನಾಜಿಗಳಿರಲಿಲ್ಲ. ಆದರೂ ಹೊರದೂಡಿದವನ ತಪ್ಪನ್ನು ಕೇಳದೆ, ಹೊರದೂಡಲ್ಪಟ್ಟವನಲ್ಲೇ ಕೊರತೆ ಹುಡುಕಿದರು. ಸುತ್ತೋಲೆಯಿಂದ ಮೊದಲಾದ ಆ ದ್ವೇಷ 1945ರ ಹೊತ್ತಿಗೆ ಸುಮಾರು 60 ಲಕ್ಷ ಯೆಹೂದಿಗಳನ್ನು ಬಲಿ ತೆಗೆದುಕೊಂಡಿತ್ತು.

ಆದುದರಿಂದಲೇ ದ್ವೇಷವನ್ನು ಮೊದಲ ಹೆಜ್ಜೆಯಲ್ಲೇ ಗುರುತಿಸಬೇಕೆಂದು ಹಲವು ದೇಶಗಳು ಕೂಡಿ ಯತ್ನಿಸಿವೆ. ಔಶ್ವಿಟ್ಸ್ ಶಿಬಿರ ಬಿಡುಗಡೆಯಾದ ಜನವರಿ 27ನ್ನು ವಿಶ್ವಸಂಸ್ಥೆ 2005ರಲ್ಲಿ ಸ್ಮರಣ ದಿನವೆಂದು ಸಾರಿ, ಈ ಇತಿಹಾಸವನ್ನು ಮಕ್ಕಳಿಗೆ ಕಲಿಸಿರೆಂದು ಕೇಳಿಕೊಂಡಿತು. 2016ರಲ್ಲಿ ಅಂತರರಾಷ್ಟ್ರೀಯ ಹಾಲೋಕಾಸ್ಟ್ ಸ್ಮರಣ ಒಕ್ಕೂಟ ಯೆಹೂದಿ ದ್ವೇಷಕ್ಕೊಂದು ವ್ಯಾಖ್ಯೆಯನ್ನು ಒಪ್ಪಿತು. ಇಸ್ರೇಲ್ ಸರ್ಕಾರದ ಟೀಕೆ ಎಲ್ಲಿ ಮುಗಿದು ದ್ವೇಷ ಎಲ್ಲಿ ಮೊದಲಾಗುತ್ತದೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹುಟ್ಟನ್ನೇ ಅಪರಾಧವೆನ್ನುವುದು ತಪ್ಪೆಂಬುದರಲ್ಲಿ ಯಾವ ಚರ್ಚೆಯೂ ಬೇಕಿಲ್ಲ.

ದೆಹಲಿಯ ಹುಮಾಯೂನ್ ರಸ್ತೆಯಲ್ಲಿ 1956ರಲ್ಲಿ ಕಟ್ಟಿದ ಜೂಡಾ ಹೈಮ್ ಪ್ರಾರ್ಥನಾಮಂದಿರವಿದೆ. ಆ ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ಅದನ್ನು ತೋರಿಸಿ, ಬಾರ್ನರ ಕಥೆ ಹೇಳಬಹುದು. ನನ್ನ ಮಗ ಕೇಳಿದ: "ಅಪ್ಪಾ, ಆ ಆದೇಶವನ್ನು ಟೈಪ್ ಮಾಡಿದವರು ಯಾರು?" ನನ್ನಂಥ ಗುಮಾಸ್ತನೇ ಇರಬೇಕು, ಎಂದೆ.