ನ್ಯಾಫ್ತಲೀನಿನ ಸಲ್ಫೋನೀಕರಣ: ಬಿಸಿ ನಿರ್ಧರಿಸುವ ಸ್ಥಾನ

1826ರಲ್ಲಿ ಮೈಕೇಲ್ ಫ್ಯಾರಡೆ ನ್ಯಾಫ್ತಲೀನನ್ನು ಸಲ್ಫ್ಯೂರಿಕ್ ಆಮ್ಲದೊಡನೆ ಕಾಯಿಸಿ, ಹುಟ್ಟಿದ ಹೊಸ ಆಮ್ಲವನ್ನು ಬೇರಿಯಂ ಲವಣವಾಗಿಸಿದಾಗ ಒಂದರ ಬದಲು ಎರಡು ಲವಣ ಸಿಕ್ಕವು. ಕಾಸಿದರೆ ಒಂದು ಜ್ವಾಲೆಯೆದ್ದು ಉರಿಯಿತು, ಇನ್ನೊಂದು ಕೆಂಡದಂತೆ ಸುಮ್ಮನೆ ಹೊಳೆಯಿತು. ಒಂದೇ ಸಂಯೋಜನೆಯ ಬೇರೆ ಬೇರೆ ವಸ್ತುಗಳಿಗೆ ಬರ್ಜೀಲಿಯಸ್ ಐಸೋಮರ್ ಎಂದು ಹೆಸರಿಡಲು ಇನ್ನೂ ನಾಲ್ಕು ವರ್ಷವಿತ್ತು. ಕೆಕುಲೆಯ ಬೆಂಜೀನ್ ಉಂಗುರ ಬಂದದ್ದು 1865ರಲ್ಲಿ. ರಚನೆ ತಿಳಿಯದೆಯೇ ಫ್ಯಾರಡೆ ಎರಡನ್ನೂ ಬೇರ್ಪಡಿಸಿದ್ದ.

ಇಂದು ನಮ್ಮ ವಿದ್ಯಾರ್ಥಿಗಳು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 1-ಸಲ್ಫೋನಿಕ್ ಆಮ್ಲ, 160ರಲ್ಲಿ 2-ಸಲ್ಫೋನಿಕ್ ಆಮ್ಲ ಎಂದು ಬಾಯಿಪಾಠ ಮಾಡುತ್ತಾರೆ. ಬಿಸಿ ಸ್ಥಾನವನ್ನು ಬದಲಿಸುವುದೇಕೆ ಎಂದು ಕೇಳಿದರೆ ಮೌನ. ತಪ್ಪು ಅವರದ್ದಲ್ಲ, ಹಿಂದಕ್ಕೂ ಸಾಗುವ ಈ ಕ್ರಿಯೆಗೆ ಹಲಗೆಯ ಮೇಲೆ ನಾವು ಬರೆಯುವ ಒಂಟಿ ಬಾಣದ್ದು.

ಸಲ್ಫ್ಯೂರಿಕ್ ಆಮ್ಲದಿಂದ ಒದಗುವ ಸಲ್ಫರ್ ಟ್ರೈಆಕ್ಸೈಡ್‌ನ ಗಂಧಕ ಎಲೆಕ್ಟ್ರಾನ್ ಬಡವ. ಅದು 1ನೇ ಇಂಗಾಲಕ್ಕೆ ಅಂಟಿದಾಗ ಹುಟ್ಟುವ ಧನ ಅಯಾನಿನ ಎರಡು ಅನುರಣನ ರೂಪಗಳಲ್ಲಿ ಪಕ್ಕದ ಬೆಂಜೀನ್ ಉಂಗುರ ಕೆಡದೆ ಉಳಿಯುತ್ತದೆ. 2ನೇ ಇಂಗಾಲಕ್ಕೆ ಅಂಟಿದರೆ ಅಂಥ ರೂಪ ಒಂದೇ. ಹಾಗಾಗಿ 1ನೇ ಸ್ಥಾನದ ದಾರಿ ಸಲೀಸು. ಆದರೆ ಅಲ್ಲಿ ಕುಳಿತ ದಪ್ಪ ಸಲ್ಫೋನಿಕ್ ಗುಂಪಿಗೆ 8ನೇ ಇಂಗಾಲದ ಹೈಡ್ರೋಜನ್ ಮೊಣಕೈ ತಾಗಿಸುತ್ತಲೇ ಇರುತ್ತದೆ. ನೈಟ್ರೀಕರಣದಲ್ಲೂ ಮೊದಲ ಆಯ್ಕೆ 1ನೇ ಸ್ಥಾನವೇ. ಆದರೆ ಅಲ್ಲಿ ಒಮ್ಮೆ ಕೂತ ನೈಟ್ರೋ ಗುಂಪು ಏಳುವುದಿಲ್ಲ. ಸಲ್ಫೋನಿಕ್ ಗುಂಪು ಏಳುತ್ತದೆ. ಬಿಸಿ ಆಮ್ಲದಲ್ಲಿ ಪ್ರೋಟಾನು ಬಂದು ಅದನ್ನು ಕಳಚುತ್ತದೆ, ಉಂಗುರ ಮತ್ತೆ ಬರಿದಾಗುತ್ತದೆ, ಇನ್ನೊಂದು ಸರದಿ ಸಿಗುತ್ತದೆ. ತಾಪ ಹೆಚ್ಚಿದ್ದು ಹೊತ್ತು ಸಾಕಷ್ಟಿದ್ದರೆ, ಇಕ್ಕಟ್ಟಿಲ್ಲದ 2ನೇ ಸ್ಥಾನದಲ್ಲೇ ಹೆಚ್ಚಿನವು ನೆಲೆ ನಿಲ್ಲುತ್ತವೆ. ವೇಗ ಗೆದ್ದ ಕಡೆ 1, ಸ್ಥಿರತೆ ಗೆದ್ದ ಕಡೆ 2.

ಟಾಲ್ವೀನ್‌ನದೂ ಇದೇ ಜಾಡು: 0 ಡಿಗ್ರಿಯಲ್ಲಿ ಇಕ್ಕಟ್ಟಿನ ಆರ್ಥೊ ಸ್ಥಾನದ ಪಾಲು ಸುಮಾರು ಶೇ. 43, 100 ಡಿಗ್ರಿಯಲ್ಲಿ ಶೇ. 13 ಮಾತ್ರ.

ಬಣ್ಣದ ಕಾರ್ಖಾನೆಗೆ ಬೇಕಾದದ್ದು 2-ನ್ಯಾಫ್ತಾಲ್, ಅಂದರೆ 2-ಸಲ್ಫೋನೇಟನ್ನು ಕಾಸ್ಟಿಕ್ ಸೋಡದೊಡನೆ ಸುಮಾರು 300 ಡಿಗ್ರಿಯಲ್ಲಿ ಕರಗಿಸಿ ಪಡೆಯುವ ವಸ್ತು. 160 ಡಿಗ್ರಿಯಲ್ಲೂ 1-ಆಮ್ಲ ಪೂರ್ತಿ ಮಾಯವಾಗದು. ಅದನ್ನು ತೆಗೆಯಲು ಕಪ್ಪುಗಟ್ಟಿದ ಆಮ್ಲದ ಪಾಕದೊಳಕ್ಕೆ ನೀರಾವಿ ಹಾಯಿಸುತ್ತಾರೆ. ಮೊದಲು ಒಡೆಯುವುದು ಇಕ್ಕಟ್ಟಿನಲ್ಲಿದ್ದ 1-ಆಮ್ಲ. 2-ಆಮ್ಲ ಬಹುಪಾಲು ಅಲುಗುವುದಿಲ್ಲ. ಒಡೆದ ನ್ಯಾಫ್ತಲೀನ್ ಆವಿಯ ಜೊತೆ ಹೊರಬಂದು, ತಣ್ಣಗಾದ ಕಡೆ ಬಿಳಿ ಹಳುಕುಗಳಾಗಿ, ಅದೇ ನುಸಿಗುಳಿಗೆಯ ವಾಸನೆಯೊಡನೆ ಕೂರುತ್ತದೆ.