ಒಡದ ಮ್ಯಾಕರಾನಿನ ಕಥಿ

ಮ್ಯಾಕರಾನ್ ಮ್ಯಾಲ ಬಿರುಕು ಬಿಟ್ರ ಕೆಟ್ಟೋತು ಅಂತೀರಲ್ರೀ ವೈನಿ, ಆ ಬಿರುಕಿಗೂ ಒಂದು ಇತಿಹಾಸ ಅದ.

1792ರಾಗ ಫ್ರಾನ್ಸಿನ ಕ್ರಾಂತಿ ಸರಕಾರ ಕ್ರೈಸ್ತ ಮಠಗಳನ್ನ ಮುಚ್ಚಿಸ್ತು. ನಾನ್ಸಿ ಊರಾಗ ನೆಲಿ ತಪ್ಪಿದ ಇಬ್ಬರು ಸನ್ಯಾಸಿನಿಯರು ಬದಾಮಿ, ಸಕ್ಕರಿ, ತತ್ತಿಯ ಬಿಳಿ ಕೂಡಿಸಿ ಮ್ಯಾಕರಾನ್ ಮಾಡಿ ಮಾರಿ ಹೊಟ್ಟಿ ಹೊರಕೊಂಡ್ರು. ಊರ ಮಂದಿ ಅವರಿಗೆ 'ಮ್ಯಾಕರಾನ್ ಅಕ್ಕಂದಿರು' ಅಂದ್ರು; ಮುಂದ ಒಂದು ಓಣಿಗೂ ಅದ ಹೆಸರು ಬಂತು. ಅವರ ಮ್ಯಾಕರಾನಿಗೆ ಬಿರುಕ ಲಕ್ಷಣ! ನನ್ನ ಸೊಸಿ ಒಡದದ್ದನ್ನ ಚೆಲ್ಲಲಿಕ್ಕೆ ಹೊಂಟಾಗ ಇದನ್ನ ಹೇಳಿ ಡಬ್ಬಿಗೆ ತುಂಬಿಸಿದೆ.

ಎರಡು ಜೋಡಿಸಿ ನಡುವ ಕ್ರೀಮ್ ಹಚ್ಚೂ ನುಣ್ಣನ ನಮೂನಿ ಆಮ್ಯಾಲ ಪ್ಯಾರಿಸಿನಾಗ ಬಂದದ್ದು. ಬಿರುಕು ದೋಷ ಆಗಿದ್ದು ಅದಕ್ಕ. ಮ್ಯಾಲಿನ ಪದರ ಒಣಗದ ಓವನ್ನಿಗೆ ಹೋದ್ರ ಉಗಿ ಅದನ್ನ ಒಡದು ಬರ್ತದ. ಬೆರಳಿಗೆ ಅಂಟದಂಗ ಆಗೂತನಕ ಆರಲಿಕ್ಕೆ ಬಿಡ್ರಿ.